ಬಿಸಿಲಿಗೆ ಕಾಣುವ ಪರದೆ

ಬದಿಯಡ್ಕದ ನಮ್ಮ ಅಡಿಕೆ ತೋಟದಲ್ಲಿ ಟ್ಯಾಂಕಿನ ನೀರಿನ ಮಟ್ಟ ತೋರಿಸಲು ಪಂಪ್ ಶೆಡ್ಡಿನ ಹೊರಗೋಡೆಗೆ ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರ್ ಕೂರಿಸಿದ್ದೆ. ಮೊದಲು ಹಾಕಿದ್ದು 0.96 ಇಂಚಿನ ಓಎಲ್‌ಇಡಿ ಪರದೆ, ತಾನೇ ಬೆಳಗುವಂಥದ್ದು. ರಾತ್ರಿ ಚೆಂದ. ಮಧ್ಯಾಹ್ನ ಮಾತ್ರ ಅಮ್ಮ ಸೆರಗು ಅಡ್ಡ ಹಿಡಿದು ಇಣುಕಬೇಕು. ಸಾಲಿಗೆ 16 ಅಕ್ಷರದಂತೆ ಎರಡು ಸಾಲು ತೋರಿಸುವ 16×2 ಎಲ್‌ಸಿಡಿಯಲ್ಲಿ ಕನ್ನಡ ಕಷ್ಟ. ನಾವೇ ಬಿಡಿಸುವ ಅಕ್ಷರಕ್ಕೆ ಇರುವುದು ಎಂಟೇ ಜಾಗ.

ಕೊನೆಗೆ ಇ-ಬುಕ್ ರೀಡರ್‌ಗಳಲ್ಲಿರುವಂಥ ಇ-ಪೇಪರ್ ಪರದೆ ತರಿಸಿದೆ. ಬಿಸಿಲಲ್ಲೂ ಅಚ್ಚು ಹಾಕಿದ ಕಾಗದದಂತೆ ಸ್ಪಷ್ಟ. ಕರೆಂಟ್ ಹೋದರೂ ಕೊನೆಯ ಅಂಕಿ ಹಾಗೇ ಉಳಿಯುತ್ತದೆ. (ಹಳೇ ಅಂಕಿ ನೋಡಿ ಮೋಸಹೋಗದಿರಲು ಪಕ್ಕದಲ್ಲಿ ಅಳೆದ ಹೊತ್ತನ್ನೂ ಹಾಕಿದೆ.) ಬದಲಾಗುವಾಗ ಕೆಲವು ಸೆಕೆಂಡ್ ಮಿನುಗುತ್ತದೆ. ಟ್ಯಾಂಕಿಗೇನು ಅವಸರ, ಅಲ್ವಾ?

ತಲೆಕೆಡಿಸಿದ್ದು ಬೇರೆ. ‘ಟ್ಯಾಂಕ್’ ಅಂತ ಬರೆದರೆ ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತಿತ್ತು. ಸುಮ್ನೆ ಮೂರು ಫಾಂಟ್ ಬದಲಿಸಿದೆ. ತಪ್ಪು ಫಾಂಟಿನದಲ್ಲ. ಚಿತ್ರ ಬಿಡಿಸಲು ಬಳಸಿದ ಪೈಥಾನ್‌ನ ಪಿಲ್ಲೋ ಲೈಬ್ರರಿ ಜೊತೆ, ಒತ್ತಕ್ಷರ ಜೋಡಿಸುವ ಲಿಬ್‌ರಕ್ಮ್ ಇರಲೇ ಇಲ್ಲ. ಅದನ್ನು ಹಾಕಿದ್ದೇ ತಡ, ಅಕ್ಷರ ಕೂಡಿಕೊಂಡವು.