ಆಂಪ್ಲಿಫೈಯರ್ ಜೋಡಿಸಿದ್ದಾಯಿತು, ಸದ್ದೇ ಬರುತ್ತಿಲ್ಲವೇ?

ಸದ್ದನ್ನು ವರ್ಧಿಸುವ ಎಂಟು ಕಾಲಿನ ಚಿಪ್ ಆದ ಎಲ್‌ಎಂ386 ಐಸಿ, ನಾಲ್ಕೈದು ಕೆಪಾಸಿಟರ್, 10 ಕಿಲೋ ಓಮ್‌ನ ವಾಲ್ಯೂಮ್ ಕಂಟ್ರೋಲ್, 8 ಓಮ್ ಸ್ಪೀಕರ್, 9 ವೋಲ್ಟ್ ಬ್ಯಾಟರಿ. ಇಷ್ಟಿದ್ದರೆ ಪುಟ್ಟ ಆಂಪ್ಲಿಫೈಯರ್ ಸಿದ್ಧ. ಸದ್ದು ಬಾರದಿದ್ದರೆ ಹಲವರು ಮೊದಲು ಐಸಿಯನ್ನೇ ಬದಲಿಸುತ್ತಾರೆ. ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ಜೋಡಣೆಯಲ್ಲಿ ತಪ್ಪಿದ್ದರೆ ಹೊಸ ಐಸಿಗೂ ಅದೇ ಗತಿ. ಮೊದಲು ವೋಲ್ಟೇಜ್ ಅಳೆಯಿರಿ, ಆಮೇಲೆ ಸದ್ದು ಹುಡುಕಿ. ಇದಕ್ಕೆ ಬೇಕಾದದ್ದು ಒಂದು ಮಲ್ಟಿಮೀಟರ್, ಒಂದು 100 ಓಮ್ ರೆಸಿಸ್ಟರ್.

ಬ್ಯಾಟರಿ ತೆಗೆದು ಕಣ್ಣಲ್ಲೇ ಪರೀಕ್ಷೆ

ಐಸಿಯ ಮೇಲಿನ ಕಚ್ಚು ಎಡಕ್ಕೆ ಬರುವಂತೆ ಇಟ್ಟರೆ ಕೆಳಸಾಲಿನ ಎಡತುದಿಯದು ಪಿನ್ 1. ಅಲ್ಲಿಂದ ಬಲಕ್ಕೆ 4ರವರೆಗೆ ಎಣಿಸಿ. ಮೇಲಿನ ಸಾಲಿನ ಬಲತುದಿಯಿಂದ 5, ಎಡಕ್ಕೆ ಬಂದರೆ 8. ಬೆಸುಗೆ ಹಾಕುವ ಬೋರ್ಡನ್ನು ತಿರುವಿ ಹಾಕಿದಾಗ ಈ ಕ್ರಮ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗುತ್ತದೆ; ತಪ್ಪುವುದು ಬಹುಪಾಲು ಇಲ್ಲೇ. ಪಿನ್ 2 ಮತ್ತು 4 ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ, 6 ಬ್ಯಾಟರಿಯ ಪ್ಲಸ್‌ಗೆ, 3 ವಾಲ್ಯೂಮ್ ಕಂಟ್ರೋಲ್‌ನ ನಡುವಿನ ಕಾಲಿಗೆ, 5 ಸ್ಪೀಕರ್‌ಗೆ ಹೋಗುವ ಔಟ್‌ಪುಟ್ ಕೆಪಾಸಿಟರ್‌ನ ಪ್ಲಸ್ ಕಾಲಿಗೆ ಸೇರಿರಬೇಕು.

ಬ್ರೆಡ್‌ಬೋರ್ಡಿನಲ್ಲಿ ಐಸಿಯನ್ನು ಒತ್ತಿ ಕೂರಿಸುವಾಗ ಒಂದು ಕಾಲು ತೂತಿಗಿಳಿಯದೆ ಹೊಟ್ಟೆಯಡಿ ಮಡಚಿಕೊಳ್ಳುವುದುಂಟು. ಮೇಲಿನಿಂದ ನೋಡಿದರೆ ಎಲ್ಲವೂ ಸರಿಯಾಗಿ ಕೂತಂತೆಯೇ ಕಾಣುತ್ತದೆ. ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ಬೆಳಕು ಬಿಟ್ಟು ನೋಡಿ. ಕೆಲವು ಬೋರ್ಡುಗಳ ಪ್ಲಸ್ ಮತ್ತು ಮೈನಸ್ ಸಾಲುಗಳು ನಟ್ಟನಡುವೆ ತುಂಡಾಗಿರುತ್ತವೆ. ಪಕ್ಕದ ಕೆಂಪು ಗೆರೆ ಅಲ್ಲಿ ಕಡಿದಿದ್ದರೆ ಒಂದು ಸಣ್ಣ ತಂತಿಯಿಂದ ಎರಡು ಅರ್ಧಗಳನ್ನು ಸೇರಿಸಿ. ಪ್ಲಸ್ ಮತ್ತು ಮೈನಸ್ ನೋಡಿ ಹಾಕಬೇಕಾದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ನ ಮೈಮೇಲಿನ ಪಟ್ಟಿ ಮೈನಸ್ ಕಾಲಿನ ಗುರುತು.

ಮೊದಲ ಬಾರಿ ಕರೆಂಟ್ ಕೊಡುವಾಗ

ಬ್ಯಾಟರಿಯ ಪ್ಲಸ್ ತಂತಿಯನ್ನು ನೇರವಾಗಿ ಸೇರಿಸಬೇಡಿ. ನಡುವೆ 100 ಓಮ್ ರೆಸಿಸ್ಟರ್ ಹಾಕಿ, ವಾಲ್ಯೂಮ್ ಪೂರ್ತಿ ತಗ್ಗಿಸಿ, ರೆಸಿಸ್ಟರ್‌ನ ಎರಡು ತುದಿಗಳ ನಡುವಿನ ವೋಲ್ಟೇಜ್ ಅಳೆಯಿರಿ. ಸದ್ದಿಲ್ಲದಾಗ ಈ ಐಸಿ ಸಾಮಾನ್ಯವಾಗಿ 4 ಮಿಲಿ ಆಂಪಿಯರ್, ಹೆಚ್ಚೆಂದರೆ 8 ಮಿಲಿ ಆಂಪಿಯರ್ ಎಳೆಯುತ್ತದೆ. ಅಂದರೆ ಮೀಟರ್ 0.4ರಿಂದ 0.8 ವೋಲ್ಟ್ ತೋರಿಸಬೇಕು.

ಸೊನ್ನೆ ಬಂದರೆ ಐಸಿಗೆ ಕರೆಂಟೇ ತಲುಪುತ್ತಿಲ್ಲ. ಪಿನ್ 4 ಮತ್ತು 6ರ ತಂತಿಗಳನ್ನು ನೋಡಿ. ಹೆಚ್ಚುಕಡಿಮೆ 9 ವೋಲ್ಟ್ ಬಂದರೆ ಎಲ್ಲೋ ಶಾರ್ಟ್ ಆಗಿದೆ. ತಕ್ಷಣ ಬ್ಯಾಟರಿ ಕಳಚಿ, ಏಕೆಂದರೆ ಆಗ ಕಾಲು ವಾಟಿನ ಆ ರೆಸಿಸ್ಟರ್ ಮೇಲೆ 0.8 ವಾಟ್ ಹೊರೆ ಬಿದ್ದು ಬೆರಳು ಸುಡುವಷ್ಟು ಬಿಸಿಯಾಗುತ್ತದೆ. 2, 3 ವೋಲ್ಟ್ ಎಂದು ನಡುವೆ ಎಲ್ಲೋ ನಿಂತರೆ ಕೆಪಾಸಿಟರ್ ತಿರುಗುಮುರುಗಾಗಿದೆ, ಇಲ್ಲವೇ ಐಸಿ ಕಿವಿಗೆ ಕೇಳದಷ್ಟು ವೇಗದಲ್ಲಿ ತಾನೇ ಕಂಪಿಸುತ್ತಿದೆ. ಓದಿಕೆ ಸರಿಯಿದ್ದರೆ ರೆಸಿಸ್ಟರ್ ತೆಗೆದುಬಿಡಿ. ಅಲ್ಲೇ ಬಿಟ್ಟರೆ ವಾಲ್ಯೂಮ್ ಏರಿಸಿದಾಗ ಸದ್ದು ಒಡೆಯುತ್ತದೆ.

ಪಿನ್ 5ರ ನಾಡಿ

ಮೀಟರಿನ ಕಪ್ಪು ಪ್ರೋಬನ್ನು ಪಿನ್ 4ಕ್ಕೆ ಒತ್ತಿಟ್ಟು, ಕೆಂಪು ಪ್ರೋಬಿನಿಂದ ಒಂದೊಂದೇ ಪಿನ್ ಮುಟ್ಟಿ. ಬೋರ್ಡಿನ ತೂತನ್ನಲ್ಲ, ಐಸಿಯ ಕಾಲನ್ನೇ ಮುಟ್ಟಬೇಕು. ಸಡಿಲ ಕಾಲು ಸಿಕ್ಕಿಬೀಳುವುದು ಆಗಲೇ. ಪಿನ್ 6ರಲ್ಲಿ 9 ವೋಲ್ಟ್, 2 ಮತ್ತು 3ರಲ್ಲಿ ಹತ್ತಿರಹತ್ತಿರ ಸೊನ್ನೆ, 5ರಲ್ಲಿ ಪಿನ್ 6ರ ಸುಮಾರು ಅರ್ಧ, ಅಂದರೆ 4.5 ವೋಲ್ಟ್ ಇರಬೇಕು. ಸ್ಪೀಕರ್‌ನ ಎರಡು ತುದಿಗಳ ನಡುವೆ ಸೊನ್ನೆ ಇರಲೇಬೇಕು. ಅಲ್ಲಿ ವೋಲ್ಟೇಜ್ ಕಂಡರೆ ಔಟ್‌ಪುಟ್ ಕೆಪಾಸಿಟರ್ ಶಾರ್ಟ್ ಆಗಿದೆ. ಸ್ಪೀಕರ್‌ನ ಸುರುಳಿ ಸುಡುವ ಮೊದಲು ಬ್ಯಾಟರಿ ಬಿಡಿಸಿ.

ಪಿನ್ 5 ಅರ್ಧದಿಂದ ಬಹಳ ದೂರ ಸರಿದಿದ್ದರೆ ಪಿನ್ 3ಕ್ಕೆ ಹೊರಗಿನಿಂದ ಡಿಸಿ, ಅಂದರೆ ಏರಿಳಿಯದ ಏಕಮುಖ ವೋಲ್ಟೇಜ್, ನುಗ್ಗುತ್ತಿರಬಹುದು. ವೋಲ್ಟೇಜ್ ಕೊಟ್ಟರಷ್ಟೇ ಕೆಲಸ ಮಾಡುವ ಪುಟ್ಟ ಎಲೆಕ್ಟ್ರೆಟ್ ಮೈಕ್ ನೇರವಾಗಿ ಜೋಡಿಸಿದಾಗ ಆಗುವುದು ಇದೇ. 0.1 ವೋಲ್ಟ್ ಡಿಸಿ ಒಳಹೋದರೂ ಐಸಿ ಅದನ್ನು 20 ಪಟ್ಟು ಮಾಡಿ ಔಟ್‌ಪುಟ್ಟನ್ನು 2 ವೋಲ್ಟ್ ಸರಿಸಿಬಿಡುತ್ತದೆ. ಮೈಕ್ ಮತ್ತು ವಾಲ್ಯೂಮ್ ಕಂಟ್ರೋಲ್ ನಡುವೆ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದ್ದರೆ ಈ ತೊಂದರೆ ಇಲ್ಲ. ಪಿನ್ 3ನ್ನು ಗ್ರೌಂಡಿಗೆ ಮುಟ್ಟಿಸಿ, ಔಟ್‌ಪುಟ್ ತಂತಿ ಬಿಡಿಸಿದ ಮೇಲೂ ಪಿನ್ 5 ಅರ್ಧಕ್ಕೆ ಬಾರದಿದ್ದರೆ, ಆಗ ಐಸಿ ಬದಲಿಸಿ.

ವೋಲ್ಟೇಜ್ ಸರಿ, ಸದ್ದು ಮಾತ್ರ ಇಲ್ಲ

ವಾಲ್ಯೂಮ್ ಏರಿಸಿ ಪಿನ್ 3ನ್ನು ಬೆರಳಿಂದ ಮುಟ್ಟಿ. ಸ್ಪೀಕರ್ ಗುಂಯ್‌ಗುಟ್ಟಿದರೆ ಐಸಿಯಿಂದ ಮುಂದೆ ಎಲ್ಲ ಸರಿ. ತಪ್ಪಿರುವುದು ಜ್ಯಾಕ್‌ನಲ್ಲೋ ವಾಲ್ಯೂಮ್ ಕಂಟ್ರೋಲ್‌ನ ಬೆಸುಗೆಯಲ್ಲೋ. ಗುಂಯ್‌ಗುಡದಿದ್ದರೆ ಸ್ಪೀಕರನ್ನು ಬಿಡಿಸಿ, 1.5 ವೋಲ್ಟ್ ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿ. ಟಕ್ ಎಂದರೆ ಸ್ಪೀಕರ್ ಚೆನ್ನಾಗಿದೆ, ಔಟ್‌ಪುಟ್ ಕೆಪಾಸಿಟರ್ ಮತ್ತು ಅದರ ತಂತಿ ನೋಡಿ.

ಸದ್ದು ಬಂತು, ಆದರೆ ಸರಿಯಿಲ್ಲ

ಟಪ್ ಟಪ್ ಟಪ್ ಎಂದು ದೋಣಿಯ ಎಂಜಿನ್ನಿನಂತೆ ಬಡಿದುಕೊಳ್ಳುವುದು ಈ ಐಸಿಯ ಹಳೇ ಕಾಯಿಲೆ. ಸ್ಪೀಕರ್ ಕರೆಂಟ್ ಎಳೆದಾಗ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ, ಆ ಕುಸಿತ ಇನ್‌ಪುಟ್‌ಗೆ ಮರಳಿ ಮತ್ತೆ ವರ್ಧಿಸುತ್ತದೆ. ಪಿನ್ 6 ಮತ್ತು 4ರ ನಡುವೆ, ಐಸಿಗೆ ಅಂಟಿದಂತೆ, 220 ಮೈಕ್ರೊಫ್ಯಾರಡ್‌ನದೊಂದು, 104 ಎಂದು ಬರೆದಿರುವ 0.1 ಮೈಕ್ರೊಫ್ಯಾರಡ್‌ನದೊಂದು ಕೆಪಾಸಿಟರ್ ಹಾಕಿ. ಪಿನ್ 7ರಿಂದ ಗ್ರೌಂಡಿಗೆ 10 ಮೈಕ್ರೊಫ್ಯಾರಡ್ ಇರಲಿ. ಸ್ಪೀಕರ್‌ನ ಗ್ರೌಂಡ್ ತಂತಿಯನ್ನು ಇನ್‌ಪುಟ್‌ನ ಗ್ರೌಂಡ್ ಜತೆ ಸುತ್ತಾಡಿಸದೆ ಬ್ಯಾಟರಿಯ ಮೈನಸ್‌ಗೆ ಪ್ರತ್ಯೇಕವಾಗಿ ಒಯ್ಯಿರಿ. ಇಷ್ಟಾದರೂ ನಿಲ್ಲದಿದ್ದರೆ ಪಿನ್ 1 ಮತ್ತು 8ರ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದ್ದರೆ ಅದನ್ನು ತೆಗೆಯಿರಿ. ವರ್ಧನೆ 200 ಪಟ್ಟಿನಿಂದ 20ಕ್ಕಿಳಿಯುತ್ತದೆ. ಫೋನಿನಿಂದ ಹಾಡು ಕೇಳಲು 20 ಧಾರಾಳ ಸಾಕು.

ಸದ್ದಿಲ್ಲದೆಯೂ ಐಸಿ ಬಿಸಿಯಾದರೆ ಪಿನ್ 5ರಿಂದ ಗ್ರೌಂಡಿಗೆ 10 ಓಮ್ ರೆಸಿಸ್ಟರ್ ಮತ್ತು 473 ಎಂದು ಬರೆದಿರುವ ಕೆಪಾಸಿಟರನ್ನು ಸಾಲಾಗಿ ಜೋಡಿಸಿ. ಧ್ವನಿ ಕೀರಲಾಗಿದ್ದರೆ ಔಟ್‌ಪುಟ್ ಕೆಪಾಸಿಟರ್ ಮೇಲೆ ಬರೆದಿರುವ ಮೈಕ್ರೊಫ್ಯಾರಡ್ ಅಂಕಿ ಓದಿ: 8 ಓಮ್ ಸ್ಪೀಕರ್‌ಗೆ 220 ಮೈಕ್ರೊಫ್ಯಾರಡ್ ಇದ್ದರೆ ಸುಮಾರು 90 ಹರ್ಟ್ಸ್‌ವರೆಗಿನ ತಗ್ಗು ಸ್ವರ ಉಳಿಯುತ್ತದೆ, ತಪ್ಪಿ 22 ಹಾಕಿದ್ದರೆ 900 ಹರ್ಟ್ಸ್‌ಗಿಂತ ಕೆಳಗಿನದು ಕ್ಷೀಣಿಸುತ್ತದೆ.

ಜೋರು ಮಾಡಿದಾಗ ಮಾತ್ರ ಒಡೆಯುತ್ತಿದ್ದರೆ ಹಾಡು ಓಡುತ್ತಿರುವಾಗಲೇ ಪಿನ್ 6 ಅಳೆಯಿರಿ. ಸುಮ್ಮನಿದ್ದಾಗ 9 ತೋರಿಸುವ ಚೌಕ ಬ್ಯಾಟರಿ ಆಗ 6ಕ್ಕಿಳಿದರೆ ಸರ್ಕ್ಯೂಟಿನದೇನೂ ತಪ್ಪಿಲ್ಲ; 1.5 ವೋಲ್ಟಿನ ಆರು ಪೆನ್ ಸೆಲ್‌ಗಳನ್ನು ಸಾಲಾಗಿ ಹಾಕಿ.