ಊರುಗೋಲಿನ ಬುಷ್ ಹಿಡಿದು ಯಾಶಿಕಾ ಬಿಚ್ಚಿದ್ದು

ಮೇಲೊಂದು, ಕೆಳಗೊಂದು ಲೆನ್ಸ್ ಇರುವ ಯಾಶಿಕಾ ಮ್ಯಾಟ್ 124ಜಿ 1970ರಲ್ಲಿ ಬಂದ ಕ್ಯಾಮೆರಾ. ನನ್ನ ಕೈಗೆ ಸಿಕ್ಕಿದ್ದಕ್ಕೆ ಕೆಳಗಿನ ಲೆನ್ಸಿನ ಒಳಮೈಯಲ್ಲಿ ಫಂಗಸ್ ಹಿಡಿದಿತ್ತು. ಬೆಳಕನ್ನು ಒಳಗೆ ಬಿಡಲು ತೆರೆದು ಮುಚ್ಚುವ ತೆಳು ಶಟರ್ ಎಲೆಗಳು ಜಿಡ್ಡಿಗೆ ಅಂಟಿಕೊಂಡು ನಿಧಾನವಾಗಿ ತೆರೆಯುತ್ತಿದ್ದವು. ಕರಾವಳಿಯ ಮಳೆಗಾಲಗಳನ್ನು ಚರ್ಮದ ಕೇಸಿನೊಳಗೇ ಕಳೆದ ಕ್ಯಾಮೆರಾ ಅದು. ಮೇಲಿನ ಲೆನ್ಸ್ ನೋಡುವುದಕ್ಕೆ ಮಾತ್ರ, ಫಿಲ್ಮಿನ ಮೇಲೆ ಚಿತ್ರ ಬೀಳುವುದು ಕೆಳಗಿನದರಿಂದ. ಬಿಚ್ಚಲೇಬೇಕಿತ್ತು.

ಲೆನ್ಸಿನ ಮುಂಭಾಗ ಥ್ರೆಡ್ ಮೇಲೆ ಕೂತಿರುತ್ತದೆ, ಆದರೆ ಬೆರಳಿಗೆ ಹಿಡಿತ ಸಿಗುವುದಿಲ್ಲ. ಕಟಿಂಗ್ ಪ್ಲೇಯರ್ ಹಾಕಿದರೆ ರಿಂಗ್ ಹಾಳು. ಇದಕ್ಕೆ ನನಗೆ ಒದಗಿದ್ದು ಊರುಗೋಲಿನ ತುದಿಗೆ ಹಾಕುವ ರಬ್ಬರ್ ಬುಷ್. ಅದರ ನಡುವೆ ಟೊಳ್ಳು. ಹಾಗಾಗಿ ಅಂಚು ಲೋಹದ ರಿಂಗಿಗೆ ಮಾತ್ರ ಒತ್ತುತ್ತದೆ, ಗಾಜಿಗೆ ತಾಗುವುದಿಲ್ಲ. ಅಳತೆ ನೋಡಿ ಆರಿಸಿಕೊಂಡೆ. ಸಪಾಟಾದ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹರಡಿ, ಬುಷ್‌ನ ಬಾಯಿಯನ್ನು ಅದರ ಮೇಲೆ ತಿಕ್ಕಿ ಸಮ ಮಾಡಿದೆ. ರಿಂಗಿನ ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿದೆ. ಜಿಡ್ಡಿದ್ದರೆ ರಬ್ಬರ್ ಸುಮ್ನೆ ಜಾರುತ್ತದೆ. ನೇರವಾಗಿ ಒತ್ತಿ ಎಡಕ್ಕೆ ತಿರುಗಿಸಿದಾಗ ಮೊದಲು ಏನೂ ಆಗಲಿಲ್ಲ, ಆಮೇಲೆ ಸಣ್ಣಗೆ ಕರ್ ಎಂದು ಸಡಿಲವಾಯಿತು. ಆ ಸದ್ದು ಕೇಳಿದಾಗ ಆದ ಖುಷಿ ದೊಡ್ಡದು.

ಎದುರುಬದುರು ಎರಡು ಸೀಳಿರುವ ರಿಂಗ್‌ಗಳಿಗೆ ಬೇರೆ ಹತಾರ ಬೇಕು. ಕಂಪಾಸ್ ಬಾಕ್ಸಿನ ಡಿವೈಡರ್ ಸಾಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒತ್ತಿದ ಕೂಡಲೇ ಅದರ ಕಾಲು ಅಗಲಿ, ಮೊನೆ ನೇರ ಗಾಜಿನ ಮೇಲೆ ಹೋಗುತ್ತದೆ. ನಾನು ದಪ್ಪ ಕಬ್ಬಿಣದ ಪಟ್ಟಿಯಲ್ಲಿ ಉದ್ದಕ್ಕೆ ಸೀಳು ಕೊರೆಸಿ ಎರಡು ಬೋಲ್ಟ್ ಕೂರಿಸಿದೆ. ತುದಿಗಳನ್ನು ಅರದಿಂದ ಚಪ್ಪಟೆ ಮಾಡಿದೆ. ಬೇಕಾದ ಅಗಲಕ್ಕೆ ಸರಿಸಿ ನಟ್ ಬಿಗಿದರೆ ಅಲುಗಾಡುವುದಿಲ್ಲ.

ಸ್ಕ್ರೂಗಳ ವಿಷಯ ಇನ್ನೊಂದು. ನೋಡಲು ನಮ್ಮ ಸ್ಟಾರ್ ಸ್ಕ್ರೂ ಥರವೇ ಕಂಡರೂ ಅವು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನಕದ ಅಳತೆಯವು. ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಪೂರ್ತಿ ಒಳಗೆ ಕೂರದೆ ಸ್ಕ್ರೂವಿನ ತಲೆಯನ್ನೇ ಸವೆಸಿಬಿಡುತ್ತದೆ. ಸಣ್ಣ ಡ್ರೈವರಿನ ಮೊನೆಯನ್ನು ಕೂದಲೆಳೆಯಷ್ಟು ಉಜ್ಜಿದೆ, ಚೆನ್ನಾಗಿ ಕೂತಿತು. ಮೇಲಿನಿಂದ ಇಣುಕಿ ನೋಡುವ ಹುಡ್ ಅದರಲ್ಲೇ ಬಿಚ್ಚಿದೆ. ಒಳಗಿನ ಕನ್ನಡಿಯ ಲೇಪ ಗಾಜಿನ ಹಿಂದಲ್ಲ, ಮುಂದೆಯೇ ಇರುತ್ತದೆ. ಅದಕ್ಕೆ ಗಾಳಿ ಮಾತ್ರ, ಬಟ್ಟೆ ತಾಗಿಸಬಾರದು.

ಬಿಚ್ಚಿದ ಸ್ಕ್ರೂಗಳನ್ನು ರಟ್ಟಿನ ಮೇಲೆ ಕ್ಯಾಮೆರಾದ ಚಿತ್ರ ಬರೆದು, ಆಯಾ ಜಾಗದಲ್ಲೇ ಎರಡು ಕಡೆ ಅಂಟುವ ಟೇಪಿಗೆ ಅಂಟಿಸಿದೆ.

ಶಟರ್ ಎಲೆಗಳಿಗೆ ಲೈಟರ್ ಫ್ಲೂಯಿಡ್ ತೇವ ಮಾಡಿದ ಇಯರ್‌ಬಡ್ ಸಾಕಾಯಿತು. ಒರೆಸುವುದು, ಒಣಗಲು ಬಿಡುವುದು, ಶಟರ್ ಒತ್ತಿ ನೋಡುವುದು, ಮತ್ತೆ ಒರೆಸುವುದು. ಈ ಎಲೆಗಳು ಒಣಗಿಯೇ ಓಡಬೇಕು, ಎಣ್ಣೆ ಒಂದು ಹನಿಯೂ ಬೇಡ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಫಂಗಸ್ ಲೆನ್ಸ್ ಕ್ಲೀನರ್‌ಗೆ ಬಿಟ್ಟಿತು, ಅಂಚಿನಲ್ಲಿ ಒಂದು ಮಸುಕು ಗೆರೆ ಉಳಿದಿದೆ.

ಜೋಡಿಸಿದ ಮೇಲೆ ಫಿಲ್ಮ್ ಕೂರುವ ಜಾಗಕ್ಕೆ ಬಟರ್ ಪೇಪರ್ ಬಿಗಿಯಾಗಿ ಅಂಟಿಸಿದೆ. ಶಟರನ್ನು ‘ಬಿ’ಗೆ (ಗುಂಡಿ ಒತ್ತಿರುವಷ್ಟು ಹೊತ್ತು ತೆರೆದೇ ಇರುವ ಸ್ಥಾನ) ಇಟ್ಟು ತೆರೆದು, ದೂರದ ನೀರಿನ ಟ್ಯಾಂಕ್ ನೋಡಿದೆ. ಮೇಲಿನ ಗಾಜಿನಲ್ಲೂ ಕೆಳಗಿನ ಪೇಪರಿನಲ್ಲೂ ಅದು ಒಟ್ಟಿಗೇ ಸ್ಪಷ್ಟವಾಯಿತು, ಅಂದರೆ ಎರಡು ಲೆನ್ಸಿನ ಫೋಕಸ್ ಹೊಂದಿದೆ. ಅದೇ ದಿನ ಈ ಕ್ಯಾಮೆರಾಕ್ಕೆ ಬೇಕಾದ 120 ಅಳತೆಯ ಅಗಲ ಫಿಲ್ಮ್ ರೋಲ್ ಹಾಕಿದೆ.