ಮುಂಬೈ ಸೆಕೆಯಲ್ಲಿ ಲಿಥಿಯಂ: ಮಾತ್ರೆ ನುಂಗಿದ ಮೇಲಿನ ಕೆಲಸ

ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ, ಒಮ್ಮೆ ತುಂಬಾ ಕುಸಿಯುವ ಕಾಯಿಲೆ) ಇದೆ ಅಂತ ಗೊತ್ತಾಗಿ ಡಾಕ್ಟರು ಲಿಥಿಯಂ ಬರೆದುಕೊಟ್ಟರೆ ಮನೆಯವರು ಮೊದಲು ಕೇಳುವುದು, ‘ಇದು ಎಷ್ಟು ದಿನ ತಿನ್ನಬೇಕು?’ ಆಮೇಲೆ, ‘ಕಿಡ್ನಿ ಹಾಳಾಗುತ್ತಂತೆ, ಹೌದಾ?’ ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇನ್ನೊಂದಿದೆ, ಅದನ್ನು ಕೇಳುವವರು ಕಮ್ಮಿ. ಸೆಕೆ ಜಾಸ್ತಿಯಾದಾಗ, ಉಪವಾಸ ಮಾಡಿದಾಗ, ಭೇದಿ ಹತ್ತಿದಾಗ, ಸೊಂಟ ಹಿಡಿದಾಗ ಈ ಮಾತ್ರೆ ತಿನ್ನುವವರು ಏನು ಮಾಡಬೇಕು? ಲಿಥಿಯಂನಿಂದ ಆಗುವ ದೊಡ್ಡ ತೊಂದರೆಗಳು ಬಹಳ ಸಲ ಶುರುವಾಗುವುದು ಇಂಥ ದಿನಗಳಲ್ಲೇ.

ನನ್ನ ತಮ್ಮ ಲಿಥಿಯಂ ತೆಗೆದುಕೊಳ್ಳುತ್ತಾನೆ. ಡೊಂಬಿವಲಿಯಲ್ಲಿ ನಮ್ಮ ಜೊತೆಗೇ ಇದ್ದಾನೆ, ದಿನಾ ಲೋಕಲ್ ಹಿಡಿದು ಕೆಲಸಕ್ಕೆ ಹೋಗುತ್ತಾನೆ. ನಾನು ಡಾಕ್ಟರಲ್ಲ, ಅವನ ಅಕ್ಕ. ಡೋಸ್ ಎಷ್ಟು, ಯಾವಾಗ ಬದಲಿಸಬೇಕು ಎನ್ನುವುದೆಲ್ಲ ನಿಮ್ಮ ಸೈಕಿಯಾಟ್ರಿಸ್ಟ್ ಹೇಳಬೇಕಾದದ್ದು. ಮನೆಯಲ್ಲಿ ನಾವು ನೋಡಿಕೊಳ್ಳಬೇಕಾದದ್ದೇ ಬೇಕಾದಷ್ಟಿದೆ, ಅದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಲಿಥಿಯಂ ಹಳೇ ಔಷಧ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಡಾಕ್ಟರು ಮೇನಿಯಾ, ಅಂದರೆ ಮನಸ್ಸು ವಿಪರೀತ ಏರಿದ ಸ್ಥಿತಿ, ಇದ್ದ ರೋಗಿಗಳಿಗೆ ಇದನ್ನು ಕೊಟ್ಟು ಫಲಿತಾಂಶ ಪ್ರಕಟಿಸಿದರು. ಆಮೇಲೆ ಎಷ್ಟೋ ಹೊಸ ಔಷಧ ಬಂದರೂ ಇದನ್ನು ಬದಿಗಿಟ್ಟಿಲ್ಲ, ಯಾಕೆಂದರೆ ಮೇನಿಯಾ ಮರುಕಳಿಸದಂತೆ ತಡೆಯುವುದರಲ್ಲಿ, ಆತ್ಮಹತ್ಯೆಯ ಅಪಾಯ ತಗ್ಗಿಸುವುದರಲ್ಲಿ ಇದಕ್ಕೆ ಸರಿಸಾಟಿಯಾದದ್ದು ಸಿಗುವುದು ಕಷ್ಟ. ಹಾಗಾಗಿ ಹೆದರಿ ಬಿಟ್ಟುಬಿಡುವ ಮಾತ್ರೆ ಅಲ್ಲ ಇದು. ತಿಳಿದು ತಿನ್ನುವ ಮಾತ್ರೆ.

ತಿಳಿಯಬೇಕಾದ ಮುಖ್ಯ ವಿಷಯ ಒಂದೇ. ಲಿಥಿಯಂ ಕೂಡ ಒಂಥರಾ ಉಪ್ಪು. ಅದು ದೇಹದಿಂದ ಹೊರಗೆ ಹೋಗುವುದು ಹೆಚ್ಚುಕಮ್ಮಿ ಪೂರ್ತಿ ಕಿಡ್ನಿಯ ಮೂಲಕ. ಮೈಯಲ್ಲಿ ನೀರು, ಉಪ್ಪು ಕಮ್ಮಿಯಾದಾಗ ಕಿಡ್ನಿ ಸೋಡಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನೀವು ತಿಂದದ್ದು ನಿನ್ನೆಯಷ್ಟೇ ಡೋಸ್, ಆದರೆ ರಕ್ತದಲ್ಲಿ ಅದರ ಮಟ್ಟ ಏರಿರುತ್ತದೆ. ಇದೊಂದು ಅರ್ಥವಾದರೆ ಮುಂದಿನದೆಲ್ಲ ತಾನಾಗೇ ಅರ್ಥವಾಗುತ್ತದೆ.

ರಕ್ತದಲ್ಲಿ ಲಿಥಿಯಂ ಸಾಮಾನ್ಯವಾಗಿ 0.6ರಿಂದ 1.0ರ ಒಳಗಿರಬೇಕು ಅಂತ ಡಾಕ್ಟರುಗಳು ನೋಡುತ್ತಾರೆ, ರಿಪೋರ್ಟಿನಲ್ಲಿ ಅಂಕಿಯ ಪಕ್ಕ ಮಿಲಿಮೋಲ್ ಪರ್ ಲೀಟರ್ ಅಂತಿರುತ್ತದೆ. 1.5 ದಾಟಿದರೆ ಅಪಾಯ. ವಯಸ್ಸಾದವರಿಗೆ ಅದಕ್ಕಿಂತ ಕಮ್ಮಿಯಲ್ಲೇ ತೊಂದರೆ ಕಾಣಿಸಬಹುದು. ಎಷ್ಟು ಸಣ್ಣ ಅಂತರ ನೋಡಿ. ಇದಕ್ಕೇ ಪದೇ ಪದೇ ರಕ್ತ ಪರೀಕ್ಷೆ ಬೇಕಾಗುವುದು.

ಪರೀಕ್ಷೆ ವಿಷಯದಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ಮೊದಲನೆಯದು ಸಮಯ. ಕೊನೆಯ ಡೋಸ್ ತಿಂದು 12 ಗಂಟೆ ಆದಾಗ ರಕ್ತ ಕೊಡಬೇಕು. ರಾತ್ರಿ ಒಂಬತ್ತಕ್ಕೆ ತಿಂದರೆ ಬೆಳಿಗ್ಗೆ ಒಂಬತ್ತಕ್ಕೆ. ಬೆಳಗಿನ ಡೋಸ್ ಇದ್ದರೆ ರಕ್ತ ಕೊಟ್ಟ ಮೇಲೇ ಅದನ್ನು ತಿನ್ನಬೇಕು, ಇಲ್ಲದಿದ್ದರೆ ಅಂಕಿ ಸುಮ್ನೆ ಜಾಸ್ತಿ ತೋರಿಸುತ್ತದೆ. ಮನೆಗೆ ಬಂದು ರಕ್ತ ತೆಗೆಯುವ ಲ್ಯಾಬ್ ಹುಡುಗ ಬೆಳಿಗ್ಗೆ ಆರೂವರೆಗೇ ಬಾಗಿಲು ತಟ್ಟುತ್ತಾನೆ, ಅವನಿಗೆ ಬೇರೆ ಮನೆಗಳೂ ಇರುತ್ತವೆ ಪಾಪ. ಆದ್ದರಿಂದ ಬುಕ್ ಮಾಡುವಾಗಲೇ ಒಂಬತ್ತರ ಸ್ಲಾಟ್ ಕೇಳಿ, ಸಿಗದಿದ್ದರೆ ಲ್ಯಾಬಿಗೇ ಹೋಗಿಬನ್ನಿ.

ಎರಡನೆಯದು ಟ್ಯೂಬ್. ಇದು ನಮಗೆ ಗೊತ್ತಾದದ್ದು ತಮ್ಮನ ಡಾಕ್ಟರು ಹೇಳಿದ್ದರಿಂದ. ಹಸಿರು ಮುಚ್ಚಳದ ಕೆಲವು ಟ್ಯೂಬುಗಳಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಲಿಥಿಯಂ ಹೆಪಾರಿನ್ ಹಾಕಿರುತ್ತಾರೆ. ಅದರಲ್ಲಿ ರಕ್ತ ಹಾಕಿದರೆ ಟ್ಯೂಬಿನೊಳಗಿನ ಲಿಥಿಯಂ ಕೂಡ ಲೆಕ್ಕಕ್ಕೆ ಸೇರಿ, ಆರಾಮಾಗಿರುವ ಮನುಷ್ಯನ ರಿಪೋರ್ಟಿನಲ್ಲಿ ವಿಷ ಏರಿದ ಹಾಗೆ ಅಂಕಿ ಬರುತ್ತದೆ. ತಮ್ಮ ಕೈ ಚಾಚಿ ಕೂತಿರುತ್ತಾನೆ, ಹುಡುಗ ಟ್ರೇಯಲ್ಲಿ ಕೆಂಪು, ನೇರಳೆ, ಹಸಿರು ಮುಚ್ಚಳದ ಟ್ಯೂಬುಗಳನ್ನು ಸಾಲಾಗಿ ಇಟ್ಟಿರುತ್ತಾನೆ, ನಾನು ‘ಲಿಥಿಯಂ ಲೆವೆಲ್ ಇದೆ, ಹಸಿರು ಬೇಡ’ ಎನ್ನುತ್ತೇನೆ. ಕೆಲವರು ಗೊತ್ತು ಅಂತ ತಲೆಯಾಡಿಸುತ್ತಾರೆ. ಕೆಲವರು ಫೋನ್ ತೆಗೆದು ಲ್ಯಾಬಿಗೆ ಕೇಳುತ್ತಾರೆ. ಕೇಳಲಿ, ಒಳ್ಳೆಯದೇ.

ಡೋಸ್ ಶುರು ಮಾಡಿದ ಅಥವಾ ಬದಲಿಸಿದ ಐದರಿಂದ ಏಳು ದಿನಕ್ಕೆ ಒಂದು ಲೆವೆಲ್ (ರಕ್ತದ ಲಿಥಿಯಂ ಪರೀಕ್ಷೆ), ಸರಿಯಾದ ಮಟ್ಟಕ್ಕೆ ಬಂದು ನಿಂತ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ. ಅದರ ಜೊತೆ ಕಿಡ್ನಿಯ ಕ್ರಿಯಾಟಿನಿನ್, ಥೈರಾಯ್ಡಿನ ಟಿಎಸ್‌ಎಚ್, ಕ್ಯಾಲ್ಸಿಯಂ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ಕಿಡ್ನಿಯ ಭಯಕ್ಕೆ ಉತ್ತರ ಇರುವುದೂ ಇಲ್ಲೇ. ವರ್ಷಗಟ್ಟಲೆ ತಿಂದವರಲ್ಲಿ ಕೆಲವರ ಕಿಡ್ನಿ ನಿಧಾನವಾಗಿ ಸೊರಗುವುದು ನಿಜ, ಪರೀಕ್ಷೆ ತಪ್ಪಿಸದಿದ್ದರೆ ಅದು ಮೊದಲೇ ಕಣ್ಣಿಗೆ ಬೀಳುತ್ತದೆ. ಥೈರಾಯ್ಡ್ ಕಮ್ಮಿಯಾದರೆ ಅದಕ್ಕೆ ಮಾತ್ರೆ ಇದೆ, ಸಾಮಾನ್ಯವಾಗಿ ಲಿಥಿಯಂ ನಿಲ್ಲಿಸಬೇಕಾಗಿ ಬರುವುದಿಲ್ಲ. ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿನಲ್ಲಿ ತಾರೀಕಿನ ಪ್ರಕಾರ ಇಡಿ.

ಈಗ ಸೆಕೆಗೆ ಬರೋಣ. ಮುಂಬೈಯಲ್ಲಿ ಮೇ ಒಂದೇ ಅಲ್ಲ, ಅಕ್ಟೋಬರೂ ಬೆವರು ಹರಿಸುತ್ತದೆ. ಸೀಟು ಸಿಗದೆ ಡೊಂಬಿವಲಿಯಿಂದ ದಾದರ್ ತನಕ ನಿಂತು ಹೋಗುವವನ ಅಂಗಿ ಇಳಿಯುವಷ್ಟರಲ್ಲಿ ಹಿಂಡುವಷ್ಟು ಒದ್ದೆಯಾಗಿರುತ್ತದೆ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ ಅಲ್ವಾ, ಅದಕ್ಕೇ ಬಾಟಲಿ ಕೈಯಲ್ಲೇ ಇರಬೇಕು. ಕಿಡ್ನಿ, ಹೃದಯದ ತೊಂದರೆ ಇಲ್ಲದವರಿಗೆ ದಿನಕ್ಕೆ ಎರಡರಿಂದ ಮೂರು ಲೀಟರ್ ನೀರು ಅಂತ ಹೇಳುತ್ತಾರೆ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ ಇವೂ ಒಳ್ಳೆಯದು. ಹಾಗಂತ ಉಪ್ಪು ಜಾಸ್ತಿ ತಿನ್ನಿ ಅಂತಲ್ಲ. ದಿನಾ ಹೆಚ್ಚುಕಮ್ಮಿ ಒಂದೇ ಪ್ರಮಾಣ ಇರಲಿ ಅಂತ. ಬಿಪಿಗೆ ಹೆದರಿ ಒಂದು ಸೋಮವಾರದಿಂದ ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲ ಬಿಟ್ಟು ಸಪ್ಪೆ ಊಟ ಶುರು ಮಾಡಿದರೆ ಲೆವೆಲ್ ಏರಬಹುದು. ಉಪ್ಪು ಕಮ್ಮಿ ಮಾಡಲೇಬೇಕಿದ್ದರೆ ಡಾಕ್ಟರಿಗೆ ಹೇಳಿ ನಿಧಾನಕ್ಕೆ ಮಾಡಿ, ನಡುವೆ ಒಂದು ಲೆವೆಲ್ ನೋಡಿ. ಕಾಫಿಯೂ ಹಾಗೇ. ಕಾಫಿ, ಚಹಾ ಕುಡಿಯುವಾಗ ಲಿಥಿಯಂ ಸ್ವಲ್ಪ ಜಾಸ್ತಿ ಹೊರಗೆ ಹೋಗುತ್ತಿರುತ್ತದೆ, ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಒಮ್ಮೆಲೇ ಬಿಟ್ಟರೆ ಮಟ್ಟ ಮೇಲೇರುತ್ತದೆ.

ಉಪವಾಸದ ಬಗ್ಗೆ ಮನೆಯ ಹಿರಿಯರ ಜೊತೆ ಮೊದಲೇ ಮಾತಾಡಿಬಿಡಿ. ಏಕಾದಶಿ, ಸಂಕಷ್ಟಿ, ನವರಾತ್ರಿ, ಯಾವುದೇ ಇರಲಿ, ನೀರೂ ಮುಟ್ಟದ ಉಪವಾಸ ಲಿಥಿಯಂ ತಿನ್ನುವವರಿಗೆ ಬೇಡ. ನಮ್ಮ ಅಮ್ಮನಿಗೆ ಇದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಡಾಕ್ಟರೇ ಎದುರು ಕೂರಿಸಿಕೊಂಡು ಹೇಳಿದ ಮೇಲೆ ಒಪ್ಪಿದರು, ಈಗ ಅವರೇ ಅವನಿಗೆ ಹಾಲು, ಹಣ್ಣು, ಉಪ್ಪು ಹಾಕಿದ ಸಾಬಕ್ಕಿ ಕೊಡುತ್ತಾರೆ. ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ ಗಂಟೆಗಟ್ಟಲೆ ಕುಣಿಯುವವರಿಗೂ ಇದೇ ಮಾತು. ಹೋಗಿ, ಕುಣಿಯಿರಿ, ನೀರು ಕುಡಿಯುತ್ತಾ ಇರಿ.

ಮಳೆಗಾಲದ ವಾಂತಿ ಭೇದಿಯನ್ನು ಇದಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳಬೇಕು. ‘ನನಗೆ ವಾಂತಿ ಭೇದಿ ಅಥವಾ ಜೋರು ಜ್ವರ ಬಂದರೆ ಲಿಥಿಯಂ ಏನು ಮಾಡಲಿ?’ ಈ ಪ್ರಶ್ನೆಯನ್ನು ಆರೋಗ್ಯವಾಗಿರುವಾಗಲೇ ಡಾಕ್ಟರಿಗೆ ಕೇಳಿ, ಉತ್ತರ ಚೀಟಿಯಲ್ಲಿ ಬರೆಸಿಕೊಳ್ಳಿ. ವಾಂತಿ ಭೇದಿ ನಿಲ್ಲದಿದ್ದರೆ ಬಹಳಷ್ಟು ಡಾಕ್ಟರುಗಳು ಲಿಥಿಯಂ ತಾತ್ಕಾಲಿಕವಾಗಿ ನಿಲ್ಲಿಸಿ, ಓಆರ್‌ಎಸ್ ಕೊಟ್ಟು, ಲೆವೆಲ್ ಮಾಡಿಸಲು ಹೇಳುತ್ತಾರೆ. ಅವತ್ತೇ ಫೋನ್ ಮಾಡಿ. ನಾಳೆ ನೋಡೋಣ ಅನ್ನಬೇಡಿ.

ಎಲ್ಲಕ್ಕಿಂತ ನನಗೆ ಭಯ ನೋವಿನ ಮಾತ್ರೆಯದು. ಯಾಕೆಂದರೆ ಅದನ್ನು ಯಾರೂ ಔಷಧ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಲೆನೋವಿಗೆ ಕಾಂಬಿಫ್ಲಾಮ್, ಸೊಂಟಕ್ಕೆ ವೊವೆರಾನ್, ಹಲ್ಲಿಗೆ ಜೀರೊಡಾಲ್, ಮುಟ್ಟಿನ ಹೊಟ್ಟೆನೋವಿಗೆ ಮೆಫ್ಟಾಲ್. ಇವುಗಳಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಮೆಫೆನಾಮಿಕ್ ಆಸಿಡ್ ಎಲ್ಲವೂ ಒಂದೇ ಜಾತಿಯವು, ಕಿಡ್ನಿಯಿಂದ ಲಿಥಿಯಂ ಹೊರಗೆ ಹೋಗುವುದನ್ನು ತಡೆಯುತ್ತವೆ. ಕೆಲವೇ ದಿನ ತಿಂದರೂ ಲೆವೆಲ್ ಅಪಾಯದ ಮಟ್ಟಕ್ಕೆ ಹೋಗಬಹುದು. ನೋವಿಗೆ, ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್ ಸಾಕು, ಕ್ರೋಸಿನ್, ಡೋಲೊ, ಕ್ಯಾಲ್ಪಾಲ್ ಯಾವುದಾದರೂ ಸರಿ, ಡೋಸ್ ಮೀರಬೇಡಿ ಅಷ್ಟೇ. ಮೆಡಿಕಲ್ ಅಂಗಡಿಯಲ್ಲಿ ‘ನೋವಿಗೆ ಏನಾದರೂ ಕೊಡಿ’ ಅಂತ ಕೇಳಲೇಬೇಡಿ. ಚಾಳಿನ ಪಕ್ಕದ ಕ್ಲಿನಿಕ್ಕಿನಲ್ಲಿ ಡಾಕ್ಟರು ಸಿರಿಂಜ್ ತೆಗೆಯುವ ಮೊದಲೇ ಬಾಯಿಬಿಟ್ಟು ‘ನಾನು ಲಿಥಿಯಂ ಮೇಲಿದ್ದೇನೆ’ ಅನ್ನಿ, ನೋವಿಗೆ ಕೊಡುವ ಇಂಜೆಕ್ಷನ್ ಹೆಚ್ಚಾಗಿ ಡೈಕ್ಲೊಫೆನಾಕೇ ಆಗಿರುತ್ತದೆ.

ಬಿಪಿ ಮಾತ್ರೆಯ ವಿಷಯವೂ ಹೇಳಬೇಕು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್ ಲಿಥಿಯಂ ಮಟ್ಟ ಏರಿಸುತ್ತವೆ. ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಜೈಡ್ ಕೂಡ. ಟೆಲ್ಮಾ-ಎಚ್ ಅಂಥ ಮಾತ್ರೆಯಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಬಿಪಿ ಡಾಕ್ಟರಿಗೂ ಮನಸ್ಸಿನ ಡಾಕ್ಟರಿಗೂ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಬೇಕು, ಆ ಸುದ್ದಿ ಮುಟ್ಟಿಸುವ ಕೆಲಸ ನಮ್ಮದೇ. ಇಬ್ಬರ ಚೀಟಿಯ ಫೋಟೋವನ್ನೂ ಫೋನಿನಲ್ಲಿಟ್ಟುಕೊಳ್ಳಿ. ಇದನ್ನು ಓದಿ ಬಿಪಿ ಮಾತ್ರೆಯನ್ನು ನೀವಾಗೇ ನಿಲ್ಲಿಸಲೂ ಬೇಡಿ.

ಲೆವೆಲ್ ಏರಿದ್ದು ಮನೆಯಲ್ಲೇ ಹೇಗೆ ಗೊತ್ತಾಗುತ್ತದೆ? ಲಿಥಿಯಂ ತಿನ್ನುವವರಿಗೆ ಕೈ ಸ್ವಲ್ಪ ನಡುಗುವುದು, ಬಾಯಾರಿಕೆ, ಪದೇ ಪದೇ ಮೂತ್ರ ಸಾಮಾನ್ಯ. ತಮ್ಮ ಚಹಾ ಲೋಟ ಎತ್ತುವಾಗ ಮೇಲಿನ ಕೆನೆ ಸಣ್ಣಗೆ ಅಲುಗುತ್ತದೆ, ಅದು ನಮಗೆ ಅಭ್ಯಾಸವಾಗಿದೆ, ಡಾಕ್ಟರಿಗೂ ಗೊತ್ತು. ಆದರೆ ಚಹಾ ಚೆಲ್ಲುವಷ್ಟು ಕೈ ನಡುಗಿದರೆ, ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ, ಇವುಗಳ ಜೊತೆ ವಾಂತಿ ಭೇದಿಯೂ ಆದರೆ, ವಿಪರೀತ ಮಂಪರು ಹತ್ತಿದರೆ ಅಥವಾ ಮಾತಾಡುತ್ತಾ ಗೊಂದಲವಾದರೆ ಮುಂದಿನ ಡೋಸ್ ಕೊಡಬೇಡಿ, ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಆಂಬುಲೆನ್ಸ್ ಬೇಕಿದ್ದರೆ 108. ಒಳಗೆ ಹೋಗುತ್ತಲೇ ಲಿಥಿಯಂ ಅಂತ ಹೇಳಿ. ಹೇಳದಿದ್ದರೆ ಕುಡಿದು ಬಂದಿದ್ದಾನೆ ಅಂತಲೋ, ಬರೀ ಹೊಟ್ಟೆ ಕೆಟ್ಟಿದೆ ಅಂತಲೋ ತಿಳಿಯುವ ಸಾಧ್ಯತೆ ಇದೆ.

ದಿನನಿತ್ಯದ ಕೆಲವು ಮಾತು. ಡೋಸ್ ಮರೆತು ಮುಂದಿನದರ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡು ಒಟ್ಟಿಗೆ ನುಂಗಬೇಡಿ. ಹೆಸರಿನ ಮುಂದೆ ಎಸ್‌ಆರ್ ಅಥವಾ ಎಕ್ಸ್‌ಎಲ್ ಅಂತಿದ್ದರೆ ಅದು ನಿಧಾನಕ್ಕೆ ಕರಗುವ ಮಾತ್ರೆ, ಪುಡಿ ಮಾಡಬಾರದು, ಜಗಿಯಬಾರದು. ಅಂಗಡಿಯವನು ‘ಅದು ಇಲ್ಲ, ಇದೂ ಅದೇ’ ಅಂತ ಬೇರೆ ಪಟ್ಟಿ ಕೊಟ್ಟರೆ ಡಾಕ್ಟರಿಗೆ ಕೇಳದೆ ತರಬೇಡಿ. ವಾರಕ್ಕೆ ಸಾಕಾಗುವಷ್ಟು ಯಾವಾಗಲೂ ಜಾಸ್ತಿ ಇಟ್ಟುಕೊಂಡಿರಿ. ಹಾಗಂತ ಮನಸ್ಸು ತುಂಬಾ ಕುಸಿದಿರುವ ಹೊತ್ತಿನಲ್ಲಿ ಆ ದಾಸ್ತಾನು ಅವರ ಕೈಗೆ ಸಿಗುವಂತಿರಬಾರದು. ಲಿಥಿಯಂ ಒಮ್ಮೆಲೇ ಹೆಚ್ಚು ತಿಂದರೆ ಪ್ರಾಣಕ್ಕೇ ಅಪಾಯ. ಅಂಥ ದಿನಗಳಲ್ಲಿ ಡಬ್ಬಿ ನನ್ನ ಹತ್ತಿರ ಇರುತ್ತದೆ ಅಂತ ತಮ್ಮನೂ ನಾನೂ ಅವನು ಚೆನ್ನಾಗಿದ್ದಾಗಲೇ ಮಾತಾಡಿಕೊಂಡಿದ್ದೇವೆ.

‘ಈಗ ಆರಾಮಾಗಿದ್ದೇನಲ್ಲ, ಇನ್ನೇಕೆ?’ ಇದು ಎಲ್ಲರಿಗೂ ಬರುವ ಯೋಚನೆ, ಬರುವುದು ಸಹಜ. ಆದರೆ ಲಿಥಿಯಂ ಥಟ್ಟನೆ ನಿಲ್ಲಿಸಿದರೆ ಮೇನಿಯಾ ಬೇಗ, ಜೋರಾಗಿ ತಿರುಗಿ ಬರುವ ಸಾಧ್ಯತೆ ಇದೆ. ನಿಲ್ಲಿಸಬೇಕಾದರೂ ಡಾಕ್ಟರು ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳು ತೆಗೆದುಕೊಂಡು ಇಳಿಸುತ್ತಾರೆ. ಆದ್ದರಿಂದ ಬಿಡಬೇಕು ಅನ್ನಿಸಿದರೆ ಕದ್ದು ಬಿಡಬೇಡಿ, ಹೇಳಿ. ಮನೆಯವರೂ ಬಯ್ಯದೆ ಕೇಳಿಸಿಕೊಳ್ಳಿ. ತೂಕ ಏರಿದೆಯೋ, ಕೈ ನಡುಗಿ ಆಫೀಸಿನಲ್ಲಿ ನಾಚಿಕೆಯಾಗುತ್ತಿದೆಯೋ, ಏನೋ ಕಾರಣ ಇದ್ದೇ ಇರುತ್ತದೆ. ಬಹಳಷ್ಟಕ್ಕೆ ದಾರಿ ಇದೆ.

ಲಿಥಿಯಂ ಅಲ್ಲದ ಮೂಡ್ ಸ್ಟೆಬಿಲೈಜರ್ (ಮನಸ್ಸಿನ ಏರಿಳಿತ ತಡೆಯುವ ಮಾತ್ರೆ) ತಿನ್ನುವವರಿಗೆ ನಿಯಮ ಬೇರೆ. ಲ್ಯಾಮೊಟ್ರಿಜಿನ್ ಅನ್ನು ತುಂಬಾ ನಿಧಾನಕ್ಕೆ ಏರಿಸಬೇಕು. ಮೈಮೇಲೆ ದದ್ದು ಎದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ, ಜ್ವರ ಅಥವಾ ಬಾಯಲ್ಲಿ, ಕಣ್ಣಲ್ಲಿ ಹುಣ್ಣೂ ಇದ್ದರೆ ಎಮರ್ಜೆನ್ಸಿಗೇ ಹೋಗಿ. ಐದಾರು ದಿನ ತಪ್ಪಿಹೋದರೆ ಹಳೇ ಡೋಸಿಗೆ ನೇರವಾಗಿ ಮರಳಬೇಡಿ, ಸಣ್ಣ ಡೋಸಿನಿಂದ ಮತ್ತೆ ಶುರು ಮಾಡಬೇಕಾಗಬಹುದು. ವ್ಯಾಲ್‌ಪ್ರೊಯೇಟ್‌ಗೆ ಲಿವರ್ ಮತ್ತು ಪ್ಲೇಟ್‌ಲೆಟ್ ನೋಡುತ್ತಾರೆ. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ವ್ಯಾಲ್‌ಪ್ರೊಯೇಟ್ ಆದಷ್ಟು ಕೊಡಬಾರದು, ಹೊಟ್ಟೆಯಲ್ಲಿರುವ ಮಗುವಿನ ಬೆನ್ನುಹುರಿಗೆ, ಮೆದುಳಿಗೆ ಅದರಿಂದ ಹಾನಿಯಾಗಬಹುದು. ಮದುವೆ ಮಾತುಕತೆ ನಡೆಯುತ್ತಿರುವ ಹುಡುಗಿಗೆ ಈ ಮಾತ್ರೆ ನಡೆಯುತ್ತಿದ್ದರೆ ಈಗಲೇ ಡಾಕ್ಟರ ಹತ್ತಿರ ಮಾತಾಡಿ. ಲಿಥಿಯಂ ಆದರೂ ಬಸುರಿಯಾಗುವ ಯೋಚನೆ ಇದ್ದರೆ ಮೊದಲೇ ಹೇಳಬೇಕು.

ಖಾಸಗಿ ಡಾಕ್ಟರ ಫೀಸು ಭಾರವಾದರೆ ಪರೇಲಿನ ಕೆಇಎಂ, ಸಾಯನ್, ನಾಯರ್, ಈ ಮೂರೂ ಮುನ್ಸಿಪಾಲಿಟಿ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗ ಇದೆ. ಸಾಲು ಉದ್ದ, ಬೆಳಿಗ್ಗೆ ಬೇಗ ಹೋಗಿ. ಮರಾಠಿ, ಹಿಂದಿಯಲ್ಲಿ ಮನಸ್ಸಿನ ವಿಷಯ ಹೇಳಲು ಬಾಯಿ ಬಾರದ ಹಿರಿಯರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡ ಆರಿಸಿಕೊಳ್ಳಬಹುದು.

ಮೇ ತಿಂಗಳಲ್ಲಿ ಊರಿಗೆ ಹೋಗುವಾಗ ಮಾತ್ರೆಯನ್ನು ಸೀಟಿನಡಿಯ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ, ಹೆಗಲ ಚೀಲದಲ್ಲಿರಲಿ, ಚೀಟಿಯೂ ಅದರಲ್ಲೇ. ಮತ್ಸ್ಯಗಂಧ ರೈಲು ತಡವಾದರೂ ರಾತ್ರಿಯ ಡೋಸ್ ತಪ್ಪಬಾರದು. ಊರಿನಲ್ಲಿ ಕೋಲ, ಯಕ್ಷಗಾನ ಅಂತ ಬೆಳಗಿನ ತನಕ ಕೂರುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಬೈಪೋಲಾರ್ ಇದ್ದವರಿಗೆ ನಿದ್ದೆ ಕೆಟ್ಟರೆ ಮೇನಿಯಾ ಶುರುವಾಗಬಹುದು. ಸ್ವಲ್ಪ ಹೊತ್ತು ನೋಡಿ ಎದ್ದುಬನ್ನಿ. ಲೆವೆಲ್ ಮಾಡಿಸುವ ದಿನ ರಜೆಯಲ್ಲೇ ಬಿದ್ದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಬಹುದು. ಅಲ್ಲೂ 12 ಗಂಟೆಯ ಲೆಕ್ಕ ಅದೇ. ಹಾಗಾಗಿ ಹಿಂದಿನ ರಾತ್ರಿ ನೆಂಟರ ಮನೆ ಊಟ ಎಷ್ಟೇ ತಡವಾದರೂ ಮಾತ್ರೆ ತಿಂದ ಹೊತ್ತು ಗುರುತು ಹಾಕಿಕೊಂಡು ಹೋಗಿ.